ಅಲ್ಲ ಮತ್ತು ಇಲ್ಲ: ಚಿಕ್ಕೋಡಿ ಸೀಮೆಯ ಜೈನಚಿಂತನೆಯಲ್ಲಿ ಇರವಿನ ಪ್ರಶ್ನೆ

ಭಾರತೀಯ ದರ್ಶನಗಳನ್ನು ಕನ್ನಡದಲ್ಲಿ ಬೋಧಿಸುವವರಿಗೆ ‘ಸತ್ತೆ’ ಎಂಬ ಪದವೇ ಮೊದಲ ತೊಡಕು. ಸಂಸ್ಕೃತದಲ್ಲಿ ಇರವನ್ನು ಸೂಚಿಸುವ ಈ ಪದವನ್ನು ಕನ್ನಡದ ಕಿವಿ ‘ಸಾಯು’ ಧಾತುವಿನ ಭೂತಕಾಲದ ಉತ್ತಮಪುರುಷ ರೂಪವೆಂದು ಗ್ರಹಿಸುತ್ತದೆ. ‘ವಸ್ತುವಿನ ಸತ್ತೆ’ ಎಂದೊಡನೆ ತರಗತಿಯಲ್ಲಿ ನಗೆ ಏಳುವುದು ಸಹಜ. ಈ ನಗೆಯನ್ನು ತಡೆಯಲು ನಾವು ‘ಅಸ್ತಿತ್ವ’ ಎಂಬ ಇನ್ನೊಂದು ಸಂಸ್ಕೃತ ಪದದ ಮೊರೆಹೋಗುತ್ತೇವೆ. ಆದರೆ ಇರುವುದರ ಬಗ್ಗೆ ಕನ್ನಡ ತಾನೇ ಏನು ಹೇಳುತ್ತದೆ ಎಂದು ಕೇಳುವುದಿಲ್ಲ. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಒಂದು ಸೀಮಿತ ಭೂಭಾಗದ ಜೈನಚಿಂತನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳು ಕೃಷ್ಣಾ ಮತ್ತು ಅದರ ಉಪನದಿಗಳ ಬಯಲಿಗೆ ಸೇರಿದವು. ಕನ್ನಡ, ಮರಾಠಿಗಳೆರಡೂ ಮನೆಮಾತಾಗಿರುವ ಈ ಸೀಮೆಯಲ್ಲಿ ಒಕ್ಕಲುತನದ ಜೈನ ಸಮುದಾಯ ಗಣನೀಯವಾಗಿದೆ. ವೇದಗಂಗಾ, ದೂಧಗಂಗಾ ಕೂಡುವ ಭೋಜ ಗ್ರಾಮದ ಪಾಟೀಲ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರರು (1872–1955) 20ನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಯನ್ನು ಮತ್ತೆ ಚಾಲನೆಗೆ ತಂದರು. ದೂಧಗಂಗೆಯ ದಡದಲ್ಲಿಯೇ ಇರುವ ಸದಲಗಾ, ಡಾ. ಆದಿನಾಥ ನೇಮಿನಾಥ ಉಪಾಧ್ಯೆ (1906–1975) ಹಾಗೂ ಆಚಾರ್ಯ ವಿದ್ಯಾಸಾಗರರ (1946–2024) ಜನ್ಮಸ್ಥಳ. ಕಾಗವಾಡ ತಾಲೂಕಿನ ಶೇಡಬಾಳದಲ್ಲಿ ಆಚಾರ್ಯ ವಿದ್ಯಾನಂದರು (1925–2019) ಹುಟ್ಟಿದರು. ಇಷ್ಟು ಚಿಕ್ಕ ಪ್ರದೇಶದಿಂದ ಇಷ್ಟು ಮಂದಿ ಏಕೆ ಎಂಬುದು ಸಮಾಜಶಾಸ್ತ್ರಜ್ಞರು ಉತ್ತರಿಸಬೇಕಾದ ಪ್ರಶ್ನೆ. ಇಲ್ಲಿ ನಮಗೆ ಬೇಕಾದುದು ಅವರು ಒಂದೇ ತತ್ತ್ವವನ್ನು ಗ್ರಂಥಸಂಪಾದನೆ, ವ್ರತ, ಕಾವ್ಯ ಎಂಬ ಬೇರೆಬೇರೆ ದಾರಿಗಳಲ್ಲಿ ಕೈಗೆತ್ತಿಕೊಂಡರು ಎಂಬುದಷ್ಟೆ.

ಉಪಾಧ್ಯೆಯವರಿಂದಲೇ ಆರಂಭಿಸುವುದು ಉಚಿತ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿದ್ದಾಗ ಅವರು 1935ರಲ್ಲಿ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ದೀರ್ಘ ಪ್ರಸ್ತಾವನೆಯೊಂದಿಗೆ ಸಂಪಾದಿಸಿ ಪ್ರಕಟಿಸಿದರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಪ್ರವಚನಸಾರದ ಎರಡನೆಯ ಅಧಿಕಾರದ ವಸ್ತು ಜ್ಞೇಯತತ್ತ್ವ, ಅಂದರೆ ಅರಿಯಲ್ಪಡುವ ವಸ್ತುಗಳ ಸ್ವರೂಪ. ಇರುವುದೆಲ್ಲವೂ ಉತ್ಪಾದ, ವ್ಯಯ, ಧ್ರೌವ್ಯಗಳೆಂಬ ಮೂರನ್ನೂ ಏಕಕಾಲದಲ್ಲಿ ಹೊಂದಿರುತ್ತದೆ ಎಂಬ ಜೈನರ ಮೂಲ ಪ್ರಮೇಯ ಅಲ್ಲಿ ವಿಸ್ತಾರಗೊಳ್ಳುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿಯೂ ಸತ್ತಿನ ಲಕ್ಷಣ ಇದೇ. ಇದು ಬಹುಪರಿಚಿತ ಸಂಗತಿ. ಅಷ್ಟಾಗಿ ಚರ್ಚೆಗೆ ಬಾರದಿರುವುದು ಅದೇ ಅಧಿಕಾರದ ಆರಂಭಭಾಗದಲ್ಲಿ ಕುಂದಕುಂದರು ಮಾಡುವ ಇನ್ನೊಂದು ವಿಂಗಡಣೆ.

ಎರಡು ವಸ್ತುಗಳು ಬೇರೆ ಎನ್ನುವಾಗ ಎರಡು ಬಗೆಯ ಬೇರೆತನಗಳಿವೆ ಎಂದು ಕುಂದಕುಂದರು ಹೇಳುತ್ತಾರೆ. ಪ್ರದೇಶಗಳೇ ಬೇರೆಯಾಗಿದ್ದರೆ ಅದು ಪೃಥಕ್ತ್ವ. ಪ್ರದೇಶ ಒಂದೇ ಆಗಿದ್ದೂ ಇದು ಅದಾಗದಿದ್ದರೆ ಅನ್ಯತ್ವ. ಈ ಎರಡನೆಯದಕ್ಕೆ ‘ಅತದ್ಭಾವ’ ಎಂದು ಹೆಸರು. ದ್ರವ್ಯ ಗುಣವಲ್ಲ, ಗುಣ ದ್ರವ್ಯವಲ್ಲ. ಆದರೆ ದ್ರವ್ಯವನ್ನು ಬಿಟ್ಟು ಗುಣ ಇನ್ನೆಲ್ಲಿಯೂ ಇಲ್ಲ. ಈ ಅತದ್ಭಾವವನ್ನು ಅಭಾವವೆಂದು ತಿಳಿಯಬಾರದು ಎಂದು ಅವರು ಸ್ಪಷ್ಟವಾಗಿ ಎಚ್ಚರಿಸುತ್ತಾರೆ. ಪ್ರಾಕೃತದಲ್ಲಿ ‘ಣ’ ಎಂಬ ಒಂದೇ ನಿಷೇಧಾವ್ಯಯ ಎರಡೂ ಕೆಲಸಗಳನ್ನು ಮಾಡುವುದರಿಂದ ಅವರು ಪಾರಿಭಾಷಿಕ ಪದಗಳ ನೆರವನ್ನು ಪಡೆಯಬೇಕಾಯಿತು. ಕನ್ನಡಕ್ಕೆ ಆ ಕಷ್ಟವಿಲ್ಲ. ಅತದ್ಭಾವ ‘ಅಲ್ಲ’, ಅಭಾವ ‘ಇಲ್ಲ’. ಮೂರು ವರ್ಷದ ಮಗುವೂ ‘ಇದು ಹಾಲಲ್ಲ’, ‘ಹಾಲಿಲ್ಲ’ ಎಂಬೆರಡನ್ನು ಬೆರೆಸುವುದಿಲ್ಲ.

ಇದು ಅನುವಾದದ ಸೌಕರ್ಯ ಮಾತ್ರವೇ? ಹಾಗೆ ತೋರುವುದಿಲ್ಲ. ‘ಇದು ಮಡಕೆ’ ಎನ್ನಲು ಕನ್ನಡಕ್ಕೆ ಕ್ರಿಯಾಪದವೇ ಬೇಡ. ಯುರೋಪಿನ ಭಾಷೆಗಳಲ್ಲಿ ‘ಮಡಕೆ ಇದೆ’ ಎಂಬುದಕ್ಕೂ ‘ಇದು ಮಡಕೆ’ ಎಂಬುದಕ್ಕೂ ಒಂದೇ ಕ್ರಿಯಾಪದ ಬರುವುದರಿಂದ ಇರವು ಬೇರೆ, ವಿಶೇಷಣ ಬೇರೆ ಎಂದು ತೋರಿಸಲು ಅಲ್ಲಿನ ತತ್ತ್ವಜ್ಞರು ಬಹಳ ಶ್ರಮಿಸಬೇಕಾಯಿತು. ಅರಿಸ್ಟಾಟಲನ ಪದಾರ್ಥವಿಭಾಗ ಗ್ರೀಕ್ ಭಾಷೆಯ ವಿಭಾಗಗಳ ಪ್ರತಿಬಿಂಬವೆಂದು ಫ್ರಾನ್ಸಿನ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ತ್ 1958ರಲ್ಲಿ ವಾದಿಸಿದನು. ಆ ವಾದವನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ವ್ಯಾಕರಣದಲ್ಲಿ ಭೇದವಿದ್ದ ಮಾತ್ರಕ್ಕೆ ವಸ್ತುಲೋಕದಲ್ಲಿಯೂ ಭೇದವಿದೆ ಎಂದಾಗದು. ಆದರೆ ಯಾವ ಪ್ರಶ್ನೆ ಸುಲಭವಾಗಿ ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂಬುದನ್ನು ಭಾಷೆ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸ್ಯಾದ್ವಾದವನ್ನು ಈ ದೃಷ್ಟಿಯಿಂದ ನೋಡಬಹುದು. ಸ್ವದ್ರವ್ಯ, ಸ್ವಕ್ಷೇತ್ರ, ಸ್ವಕಾಲ, ಸ್ವಭಾವಗಳಿಂದ ಘಟವು ಅಸ್ತಿ, ಪರದ್ರವ್ಯಾದಿಗಳಿಂದ ನಾಸ್ತಿ. ಒಂದೇ ಧರ್ಮಿಯಲ್ಲಿ ಇರವೂ ಇಲ್ಲದಿರುವಿಕೆಯೂ ಶೀತೋಷ್ಣಗಳಂತೆ ಒಟ್ಟಿಗೆ ಇರಲಾರವು ಎಂಬುದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಎತ್ತಿದ ಆಕ್ಷೇಪ. ಈಗ ನಿಪ್ಪಾಣಿಯ ಸಂತೆಯಲ್ಲಿರುವ ಒಂದು ಕಪ್ಪು ಮಣ್ಣಿನ ಮಡಕೆಯ ಬಗ್ಗೆ ಕನ್ನಡದಲ್ಲಿ ಹೇಳಿ ನೋಡೋಣ: ಅದು ತಾಮ್ರದ್ದಲ್ಲ, ಕೆಂಪಲ್ಲ, ಅದು ಚಿಕ್ಕೋಡಿಯಲ್ಲಿ ಇಲ್ಲ, ಹೋದ ವರ್ಷ ಇರಲಿಲ್ಲ. ದ್ರವ್ಯ, ಭಾವಗಳ ನಾಸ್ತಿ ‘ಅಲ್ಲ’ ಆಗುತ್ತದೆ. ಕ್ಷೇತ್ರ, ಕಾಲಗಳ ನಾಸ್ತಿ ‘ಇಲ್ಲ’ ಆಗುತ್ತದೆ. ಸಂಸ್ಕೃತದಲ್ಲಿ ಒಂದಾಗಿ ನಿಂತಿದ್ದ ನಾಲ್ಕು ಅಪೇಕ್ಷೆಗಳು ಕನ್ನಡದಲ್ಲಿ ಎರಡು ಜೋಡಿಗಳಾಗಿ ಬಿಡಿಸಿಕೊಳ್ಳುತ್ತವೆ. ಮೊದಲ ಜೋಡಿಯಲ್ಲಿ ವಿರೋಧದ ಸೋಂಕೂ ಇಲ್ಲ: ‘ಇದೆ’ ಎಂಬುದಕ್ಕೆ ‘ಅಲ್ಲ’ ಎಂಬುದು ಪ್ರತಿಪಕ್ಷವೇ ಅಲ್ಲವಷ್ಟೆ. ಆಕ್ಷೇಪಕ್ಕೆ ಎಡೆಯಿದ್ದರೆ ಅದು ಎರಡನೆಯ ಜೋಡಿಯಲ್ಲಿ, ವಿಶೇಷವಾಗಿ ಕಾಲದ ವಿಷಯದಲ್ಲಿ. ನಾಸ್ತಿಭಂಗವನ್ನು ಇಡಿಯಾಗಿ ‘ಇಲ್ಲ’ ಎಂದು ಅನುವಾದಿಸುವ ನಮ್ಮ ಪಠ್ಯಗಳು ಜೈನ ಪಕ್ಷವನ್ನು ಅನಗತ್ಯವಾಗಿ ದುರ್ಬಲಗೊಳಿಸುತ್ತವೆ ಎಂದೇ ಹೇಳಬೇಕಾಗುತ್ತದೆ.

ಈ ಸೀಮೆಯ ಇನ್ನೊಂದು ಮಾತಾದ ಮರಾಠಿಯಲ್ಲಿಯೂ ‘ನವ್ಹೆ’, ‘ನಾಹೀ’ ಎಂಬ ಹೋಲುವ ಭೇದವಿದೆ. ಆಡುಮಾತಿನಲ್ಲಿ ‘ನಾಹೀ’ ಎರಡೂ ಎಡೆಗಳನ್ನು ಆಕ್ರಮಿಸುತ್ತಿದ್ದರೂ ‘ನವ್ಹೆ’ ಇನ್ನೂ ಅಳಿದಿಲ್ಲ. ಹಿಂದಿಯಲ್ಲಿ ಇರುವುದು ‘ನಹೀಂ’ ಒಂದೇ. ಕನ್ನಡ ಶಾಲೆಯಲ್ಲಿ ಓದಿದ ಸದಲಗಾದ ವಿದ್ಯಾಧರನು 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು ವಿದ್ಯಾಸಾಗರರಾಗಿ, ತಮ್ಮ ಮಹಾಕಾವ್ಯ ‘ಮೂಕಮಾಟಿ’ಯನ್ನು (1988) ಬರೆದುದು ಹಿಂದಿಯಲ್ಲಿ. ನಾಲ್ಕು ಖಂಡಗಳ ಈ ಮುಕ್ತಛಂದದ ಕಾವ್ಯಕ್ಕೆ ನಾಯಕಸ್ಥಾನದಲ್ಲಿರುವುದು ತುಳಿತಕ್ಕೊಳಗಾದ ಮಣ್ಣು. ಕುಂಬಾರನ ಕೈಯಲ್ಲಿ ಅದು ಹದಗೊಂಡು, ತಿಗರಿಯೇರಿ, ಬೆಂಕಿಯಲ್ಲಿ ಬೆಂದು ಘಟವಾಗುತ್ತದೆ. ಮಣ್ಣು–ಮಡಕೆ ಭಾರತೀಯ ದರ್ಶನಗಳಲ್ಲಿ ಸವೆದ ದೃಷ್ಟಾಂತ. ಛಾಂದೋಗ್ಯದಲ್ಲಿ ಅದು ಮಣ್ಣೇ ಸತ್ಯ, ವಿಕಾರವು ಹೆಸರು ಮಾತ್ರ ಎಂಬುದಕ್ಕೆ ಬಳಕೆಯಾಗಿದೆ. ಕ್ಷಣಿಕವಾದಿ ಬೌದ್ಧರಿಗೆ ಕ್ಷಣಗಳ ಸಂತಾನವನ್ನುಳಿದು ಉಳಿಯುವ ಮಣ್ಣೆಂಬುದೇ ಇಲ್ಲ. ವಿದ್ಯಾಸಾಗರರು ದೃಷ್ಟಾಂತವನ್ನೇ ಪಾತ್ರವಾಗಿಸಿದ್ದು ಹೊಸತು. ಪಾತ್ರಕ್ಕೆ ತಾನು ಆಗುವುದೂ ಮುಖ್ಯ, ಇರುವುದೂ ಮುಖ್ಯ. ಪರ್ಯಾಯವು ಬರಿಯ ತೋರಿಕೆಯಾಗಿದ್ದರೆ ಅಗ್ನಿಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ. ‘ಮಣ್ಣು ಮಡಕೆಯಾಗಿದೆ’ ಎಂಬ ನಮ್ಮ ನಿತ್ಯದ ವಾಕ್ಯದಲ್ಲಿ ‘ಆಗಿ’, ‘ಇದೆ’ ಎರಡೂ ಒಂದೇ ಪದದೊಳಗೆ ಕೂಡಿವೆ; ಉತ್ಪಾದ, ಧ್ರೌವ್ಯಗಳನ್ನು ಇಷ್ಟು ಹತ್ತಿರ ತಂದ ಪಾರಿಭಾಷಿಕ ಪದವನ್ನು ಹುಡುಕುವುದು ಕಷ್ಟ.

ಇಲ್ಲಿ ಅಥಣಿಯ ಕಡೆಗೊಮ್ಮೆ ತಿರುಗಿ ನೋಡಬೇಕು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಪ್ರತಿನಿಧಿಸುವ ವಿರಕ್ತ ಪರಂಪರೆಗೆ ‘ಇಲ್ಲ’ ಎಂಬುದು ಲೋಪವಲ್ಲ, ಪದವಿ. ಶರಣರ ‘ಬಯಲು’ ಅಭಾವವೂ ಅಲ್ಲ, ದ್ರವ್ಯವೂ ಅಲ್ಲ. ಜೈನ ಮುಕ್ತಾತ್ಮವು ಲೋಕಾಗ್ರದಲ್ಲಿ ತಾನಾಗಿಯೇ ಪ್ರತ್ಯೇಕವಾಗಿ ಉಳಿಯುತ್ತದೆ. ಶರಣನು ಬಯಲಾದ ಮೇಲೆ ಪ್ರತ್ಯೇಕವಾಗಿ ಎಣಿಸಲು ಏನೂ ಉಳಿಯುವುದಿಲ್ಲ. ಒಂದೇ ಸಂತೆಗೆ ಬರುವ ಎರಡು ಸಮುದಾಯಗಳು ಒಂದೇ ‘ಇಲ್ಲ’ವನ್ನು ಇಷ್ಟು ಭಿನ್ನವಾಗಿ ಬಳಸಿರುವುದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ವಿಷಯ.

ಈ ವಿಚಾರಗಳು ಗ್ರಂಥದೊಳಗೇ ಉಳಿದಿದ್ದರೆ ಇಷ್ಟು ವಿವರಣೆ ಬೇಕಾಗಿರಲಿಲ್ಲ. 1955ರಲ್ಲಿ ಶಾಂತಿಸಾಗರರು ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ 36 ದಿನಗಳ ಬಳಿಕ ಸೆಪ್ಟೆಂಬರ್ 18ರಂದು ದೇಹವನ್ನು ಬಿಟ್ಟರು. ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಅದೇ ಮಾರ್ಗವನ್ನು ಅನುಸರಿಸಿದರು. ಇವೆರಡರ ನಡುವೆ, 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ‘ಆತ್ಮಹತ್ಯೆ’ ಎಂಬ ಪದವನ್ನು ಬಳಸಿದೊಡನೆ ಸಾಯುವುದು ಯಾವುದು, ಇಲ್ಲವಾಗುವುದು ಯಾವುದು ಎಂಬ ಪ್ರಶ್ನೆ ನ್ಯಾಯಾಲಯದೊಳಕ್ಕೂ ಬಂದೇ ಬರುತ್ತದೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ನೀಡುವ ಉಪಮೆ ವ್ಯಾಪಾರಿಯದು. ಸರಕು ತುಂಬಿದ ಮನೆ ನಾಶವಾಗುವುದು ಅವನಿಗೆ ಇಷ್ಟವಿಲ್ಲ. ಅಪಾಯ ಬಂದರೆ ಶಕ್ತಿಮೀರಿ ತಡೆಯುತ್ತಾನೆ. ತಡೆಯಲಾಗದಿದ್ದರೆ ಸರಕನ್ನಾದರೂ ಉಳಿಸಿಕೊಳ್ಳುತ್ತಾನೆ. ನಿಪ್ಪಾಣಿಯ ತಂಬಾಕಿನ ಗೋದಾಮುಗಳನ್ನು ಕಂಡವರಿಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ಜೀವ, ದೇಹಗಳು ಪೃಥಕ್ ದ್ರವ್ಯಗಳೆಂದು ಒಪ್ಪಿದವರಿಗೆ ಅದು ಸಮರ್ಪಕವೂ ಹೌದು. ಆದರೆ ಸರಕೂ ಅಲ್ಲದ, ಮನೆಯೂ ಅಲ್ಲದ ಮೂರನೆಯದೊಂದಿದೆ: ಭೋಜದ ಹೊಲದಲ್ಲಿ ದುಡಿದ, ಇಂಥವರ ಮಗನಾಗಿದ್ದ, ಈ ದನಿಯಲ್ಲಿ ಮಾತನಾಡುತ್ತಿದ್ದ ಆ ವ್ಯಕ್ತಿ. ಜೈನ ಪರಿಭಾಷೆಯಲ್ಲಿ ಅದು ಮನುಷ್ಯಪರ್ಯಾಯ. ಆ ಪರ್ಯಾಯಕ್ಕೆ ವ್ಯಯವುಂಟು, ಮತ್ತು ವ್ಯಯವು ಧ್ರೌವ್ಯದಷ್ಟೇ ಸತ್ಯ. ಆದುದರಿಂದ ‘ಆತ್ಮ ಅಮರ, ಏನೂ ಕಳೆದಿಲ್ಲ’ ಎಂಬ ಸಾಂತ್ವನವನ್ನು ಈ ದರ್ಶನ ನೀಡಲಾರದು. ಅದು ಬೇರೆ ದರ್ಶನದ ಮಾತು. ಜೈನ ಪ್ರವಚನಗಳಲ್ಲಿಯೂ ಅದು ಆಗಾಗ ಕೇಳಿಬರುವುದು ಆಶ್ಚರ್ಯ.

ಸಮಂತಭದ್ರರ ಆಪ್ತಮೀಮಾಂಸೆ ಇಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಚಿನ್ನದ ಕೊಡವನ್ನು ಮುರಿದು ಕಿರೀಟವನ್ನು ಮಾಡಿದಾಗ ಕೊಡ ಬೇಕಿದ್ದವನಿಗೆ ಶೋಕ, ಕಿರೀಟ ಬೇಕಿದ್ದವನಿಗೆ ಹರ್ಷ, ಚಿನ್ನ ಸಾಕೆಂದವನಿಗೆ ಸಮಚಿತ್ತ. ಮೂವರ ಮನಸ್ಥಿತಿಗೂ ವಸ್ತುವಿನಲ್ಲಿಯೇ ಕಾರಣವಿದೆ. ಅಳುವವನು ಭ್ರಾಂತನೆಂದು ಸಮಂತಭದ್ರರು ಹೇಳುವುದಿಲ್ಲ. ಸಲ್ಲೇಖನ ಕೈಗೊಂಡವರ ಸುತ್ತ ನೆರೆಯುವ ಜನರಲ್ಲಿ ಈ ಮೂವರೂ ಇರುತ್ತಾರೆ, ಅನೇಕ ವೇಳೆ ಒಬ್ಬನಲ್ಲಿಯೇ ಇರುತ್ತಾರೆ. ವ್ರತಿಯ ದೃಷ್ಟಿಯಿಂದ ‘ಇದು ನಾನಲ್ಲ’ ಎಂಬುದೂ, ಮನೆಯವರ ದೃಷ್ಟಿಯಿಂದ ‘ಅವರು ಇನ್ನಿಲ್ಲ’ ಎಂಬುದೂ ಒಂದೇ ಘಟನೆಯ ಬಗೆಗಿನ ಎರಡು ನಿಜವಾದ ಹೇಳಿಕೆಗಳು. ಕಾನೂನಿನ ಚರ್ಚೆಯಲ್ಲಿ ಎರಡನೆಯದನ್ನು ಮಾತ್ರ, ಧಾರ್ಮಿಕ ಸಮರ್ಥನೆಯಲ್ಲಿ ಮೊದಲನೆಯದನ್ನು ಮಾತ್ರ ನೋಡಿರುವುದು ತೊಡಕಿಗೆ ಕಾರಣವಾಗಿದೆ.

ಕುಂದಕುಂದರ ಪ್ರಾಭೃತಗಳಿಗೆ ಅಧ್ಯಾತ್ಮಿ ಬಾಲಚಂದ್ರನ ಕನ್ನಡ ವ್ಯಾಖ್ಯಾನಗಳಿರುವುದು ಸುಪರಿಚಿತ. ಪ್ರವಚನಸಾರದ ಪ್ರಸ್ತಾವನೆಯಲ್ಲಿ ಉಪಾಧ್ಯೆಯವರು ಅವನನ್ನು ಚರ್ಚಿಸಿದ್ದಾರೆ. ಈವರೆಗೆ ಆ ವ್ಯಾಖ್ಯಾನಗಳನ್ನು ಕಾಲನಿರ್ಣಯಕ್ಕೂ ಪಾಠನಿರ್ಣಯಕ್ಕೂ ಬಳಸಿದಷ್ಟು ತತ್ತ್ವಚರ್ಚೆಗೆ ಬಳಸಿಲ್ಲ. ಅತದ್ಭಾವ, ಅಭಾವಗಳ ಗಾಹೆಗಳಿಗೆ ಅವನು ಕೊಡುವ ಕನ್ನಡವನ್ನು, ‘ಅಲ್ಲ’ ಎಲ್ಲಿ, ‘ಇಲ್ಲ’ ಎಲ್ಲಿ ಎಂದು ಗುರುತಿಸುತ್ತ, ಓಲೆಪ್ರತಿಗಳ ನೆರವಿನಿಂದ ಸಾಲುಸಾಲಾಗಿ ಓದುವ ಕೆಲಸವನ್ನು ಯಾರಾದರೂ ಕೈಗೊಳ್ಳಬೇಕಾಗಿದೆ.