ವೈಟಾಂಗಿಯ ಒಡಂಬಡಿಕೆಯೂ ಮಾವೊರಿ ಜನರ ಸ್ವಯಮಾಡಳಿತವೂ

ಒಡಂಬಡಿಕೆ ಎಂಬ ಶಬ್ದವನ್ನು ನಾವು ಸತ್ಯವೇದದಿಂದ ಚೆನ್ನಾಗಿ ಬಲ್ಲೆವು. ಇಬ್ಬರು ಒಂದೇ ಮಾತಿಗೆ ಒಪ್ಪಿ ಅದಕ್ಕೆ ಬದ್ಧರಾಗುವದೇ ಅದರ ತಾತ್ಪರ್ಯವು. ಆದರೆ ಒಪ್ಪಿದ ಮಾತು ಎರಡು ಭಾಷೆಗಳಲ್ಲಿ ಎರಡು ಅರ್ಥಗಳನ್ನು ಕೊಟ್ಟರೆ ಯಾವದನ್ನು ಪಾಲಿಸತಕ್ಕದ್ದು? ನ್ಯೂಜೀಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಭೂಮಿಯೂ ಸ್ವಯಮಾಡಳಿತವೂ ಈ ಪ್ರಶ್ನೆಯನ್ನೇ ಅವಲಂಬಿಸಿದವು. ವಿದ್ಯಾಶಾಲೆಯೊಂದರ ಸಂಗತಿಯೂ ಇದರಲ್ಲಿ ಸೇರಿರುವದರಿಂದ ಇದು ನಮ್ಮ ಅಭ್ಯಾಸಕ್ಕೆ ಯೋಗ್ಯವಾದ ವಿಷಯವಾಗಿದೆ.

1840ನೆಯ ಇಸವಿ ಫೆಬ್ರವರಿ 4ರ ರಾತ್ರಿ, ಹೆನ್ರಿ ವಿಲಿಯಮ್ಸ್ ಎಂಬ ಮಿಶನೆರಿಯು ತನ್ನ ಮಗನಾದ ಎಡ್ವರ್ಡನ ಸಹಾಯದಿಂದ ಇಂಗ್ಲೀಷು ಕರಡನ್ನು ಮಾವೊರಿ ಭಾಷೆಗೆ ತಿರುಗಿಸಿದನು. ಫೆಬ್ರವರಿ 6ರಂದು ವೈಟಾಂಗಿಯಲ್ಲಿ ಸುಮಾರು 40 ಮಂದಿ ನಾಯಕರು ಅದಕ್ಕೆ ರುಜು ಹಾಕಿದರು. ಅದೇ ವರುಷದಲ್ಲಿ ಬೇರೆ ಸ್ಥಳಗಳವರೂ ಸೇರಿ ರುಜು ಮಾಡಿದವರು 500ಕ್ಕೆ ಮೀರಿದರು. ಅವರಲ್ಲಿ ಸ್ತ್ರೀಯರೂ ಇದ್ದರು. ಬಹುಮಟ್ಟಿಗೆ ಎಲ್ಲರೂ ರುಜು ಹಾಕಿದ್ದು ಮಾವೊರಿ ಪ್ರತಿಗೆ.

ಒಡಂಬಡಿಕೆಯಲ್ಲಿ ಮೂರು ಕಲಮುಗಳುಂಟು. ಇಂಗ್ಲೀಷು ಪ್ರತಿಯ ಮೊದಲನೆಯ ಕಲಮಿನಂತೆ ನಾಯಕರು ತಮ್ಮ ಸಾರ್ವಭೌಮಾಧಿಕಾರವನ್ನೆಲ್ಲಾ ರಾಣಿಗೆ ಒಪ್ಪಿಸಿದರು. ಮಾವೊರಿ ಪ್ರತಿಯಲ್ಲಿಯಾದರೋ ಅಲ್ಲಿ 'ಕಾವನತಂಗ' ಎಂಬ ಮಾತಿದೆ. ಗವರ್ನರ್ ಎಂಬ ಶಬ್ದದಿಂದ ಮಿಶನೆರಿಗಳು ಕಟ್ಟಿದ ಮಾತು ಅದು. ಮಾವೊರಿ ಸತ್ಯವೇದದಲ್ಲಿ ಪಿಲಾತನು 'ಕಾವನ'ನು. ಎರಡನೆಯ ಕಲಮು ನಾಯಕರಿಗೆ ತಮ್ಮ ಭೂಮಿ, ಹಳ್ಳಿ, ಅಮೂಲ್ಯ ವಸ್ತುಗಳ ಮೇಲೆ ಸಂಪೂರ್ಣ 'ರಂಗತಿರತಂಗ'ವನ್ನು ಉಳಿಸಿತು. ಕರ್ತನ ಪ್ರಾರ್ಥನೆಯಲ್ಲಿ 'ರಾಜ್ಯ'ಕ್ಕೆ ಬಳಸಿದ ಶಬ್ದವು ಇದೇ. ಮೂರನೆಯದು ಅವರಿಗೆ ಬ್ರಿಟಿಷ್ ಪ್ರಜೆಗಳ ಹಕ್ಕುಗಳನ್ನು ಕೊಟ್ಟಿತು. ಹೀಗೆ ಮಾವೊರಿ ಓದುಗನಿಗೆ, ಚಿಕ್ಕದನ್ನು ಕೊಟ್ಟು ದೊಡ್ಡದನ್ನು ಉಳಿಸಿಕೊಂಡಂತೆ ತೋರಿತು. ಇಂಗ್ಲೀಷು ಓದುಗನಿಗೆ ಇದಕ್ಕೆ ವಿರುದ್ಧವಾಗಿ ತೋರಿತು.

ಇದರ ಫಲವನ್ನು ಒಂದು ವ್ಯಾಜ್ಯದಿಂದ ತಿಳಿಯಬಹುದು. 1848ರಲ್ಲಿ ನ್ಗಾತಿ ತೋವಾ ಜನರು ತಮ್ಮ ಮಕ್ಕಳಿಗಾಗಿ ಶಾಲೆ ಕಟ್ಟಲೆಂದು ವಿಟಿರೇಯಾದ ಭೂಮಿಯನ್ನು ಸಭೆಗೆ ದಾನಮಾಡಿದರು. ಸರಕಾರವು 1850ರಲ್ಲಿ ಅದನ್ನು ಬಿಷಪ್ಪನ ಹೆಸರಿಗೆ ಬರೆದುಕೊಟ್ಟಿತು. ಶಾಲೆಯು ಏಳಲೇ ಇಲ್ಲ. ನಾಯಕನಾದ ವೀ ಪರಾತನು ಭೂಮಿಯನ್ನು ಹಿಂದಕ್ಕೆ ಕೇಳಲು, 1877ರಲ್ಲಿ ಮುಖ್ಯ ನ್ಯಾಯಾಧೀಶ ಪ್ರೆಂಡರ್‌ಗಾಸ್ಟನು ಅರ್ಜಿಯನ್ನು ತಳ್ಳಿ, ಒಡಂಬಡಿಕೆಯು ರಾಜ್ಯಾಧಿಕಾರದ ವಿಷಯದಲ್ಲಿ ಶೂನ್ಯಪ್ರಾಯವೆಂದು ತೀರ್ಪಿತ್ತನು. ಮಿಶನ್ ಶಾಲೆಯಲ್ಲಿ ವಿದ್ಯೆ ಪಡೆದ ನಾವು ಇದನ್ನು ಮರೆಮಾಚದೆ ಓದತಕ್ಕದ್ದು. ವಿದ್ಯೆಗಾಗಿ ಕೊಟ್ಟ ಭೂಮಿಯು ವಿದ್ಯೆಯ ಸಾಲವೇ ಆಗಿತ್ತು.

ಆದರೂ ಆ ಜನರು ಸುಮ್ಮನಿರಲಿಲ್ಲ. 1892ರಲ್ಲಿ ಕೋತಹಿತಂಗ ಎಂಬ ತಮ್ಮದೇ ಪಾರ್ಲಿಮೆಂಟನ್ನು ಕೂಡಿಸಿದರು. ಮರುವರುಷ ಮೇರಿ ಮಂಗಕಾಹಿಯಾ ಎಂಬ ಮಹಿಳೆಯು ಆ ಸಭೆಯ ಮುಂದೆ ನಿಂತು, ಭೂಮಿಯನ್ನು ಹೊಂದಿ ನಡಿಸುವ ಸ್ತ್ರೀಯರು ಅನೇಕರಿರುವದರಿಂದ ಅವರಿಗೂ ಮತವೂ ಸದಸ್ಯತ್ವವೂ ಬೇಕೆಂದು ಕೇಳಿದಳು. 1975ರಲ್ಲಿ 79 ವರುಷದ ವೀನಾ ಕೂಪರ್ ಎಂಬ ವೃದ್ಧೆಯು ಭೂಮಿಗಾಗಿ ಉತ್ತರದ ತುದಿಯಿಂದ ವೆಲ್ಲಿಂಗ್ಟನಿನ ವರೆಗೆ ಕಾಲ್ನಡಿಗೆಯ ಮೆರವಣಿಗೆಯನ್ನು ನಡಿಸಿದಳು. ಅದೇ ವರುಷ ವೈಟಾಂಗಿ ನ್ಯಾಯಮಂಡಲಿಯು ಸ್ಥಾಪಿತವಾಯಿತು; ಎರಡು ಭಾಷೆಗಳ ಪ್ರತಿಗಳನ್ನೂ ನೋಡಿ ಅರ್ಥವನ್ನು ನಿಶ್ಚಯಿಸಬೇಕೆಂಬದು ಅದಕ್ಕಿರುವ ವಿಧಿಯು. 1985ರಲ್ಲಿ 1840ರಿಂದಾದ ಅನ್ಯಾಯಗಳನ್ನೆಲ್ಲಾ ವಿಚಾರಿಸುವ ಅಧಿಕಾರವೂ ದೊರೆಯಿತು. 1995ರಲ್ಲಿ ರಾಣಿ ಎಲಿಜಬೆತ್ತಳು ವೈಕಾಟೋ ಜನರ ಮುಟ್ಟುಗೋಲಾದ ಭೂಮಿಯ ಕುರಿತಾದ ಕ್ಷಮಾಪಣೆಯುಳ್ಳ ಕಾನೂನಿಗೆ ಸ್ವಹಸ್ತದಿಂದ ರುಜು ಹಾಕಿದಳು. 2017ರ ಕಾನೂನಿನಂತೆ ವಂಗನೂಯಿ ನದಿಯ ಪರವಾಗಿ ಮಾತಾಡುವ ಇಬ್ಬರಲ್ಲಿ ಒಬ್ಬರನ್ನು ನದೀತೀರದ ಮಾವೊರಿ ಜನರೂ ಒಬ್ಬರನ್ನು ಸರಕಾರವೂ ಸೂಚಿಸತಕ್ಕದ್ದು.

ಸ್ವಯಮಾಡಳಿತವೆಂಬದು ಬಲಿಷ್ಠರು ಕೊಡುವ ಬಹುಮಾನವಲ್ಲ. ಕೊಟ್ಟ ಮಾತಿನಲ್ಲಿ ಮೊದಲೇ ಉಳಿಸಿಕೊಂಡ ಹಕ್ಕು ಎಂಬದನ್ನು ಈ ಚರಿತ್ರೆಯು ತೋರಿಸುತ್ತದೆ. ಒಂದು ರಾತ್ರಿಯಲ್ಲಿ ಆರಿಸಿದ ಮಾತುಗಳನ್ನು ನೂರೆಂಭತ್ತು ವರುಷಗಳಿಗೂ ಹೆಚ್ಚು ಕಾಲ ಜನರು ತೂಗುತ್ತಾ ಬಂದಿದ್ದಾರೆ. ಆದಕಾರಣ ಪ್ರಿಯ ಭಗಿನಿಯರೇ, ತಾಯಿತಂದೆಗಳೇ, ನಮ್ಮ ಹೆಣ್ಣುಮಕ್ಕಳು ರುಜು ಹಾಕುವದನ್ನು ಕಲಿತರೆ ಸಾಲದು; ರುಜು ಹಾಕುವ ಮೊದಲು ಪ್ರತಿಯೊಂದು ಮಾತನ್ನು ತಮ್ಮ ಭಾಷೆಯಲ್ಲಿ ಓದಿ ತಿಳಿಯುವದನ್ನೂ ಕಲಿಯಲಿ.