ಜೂನ್‌ನಿಂದ ಮಾರ್ಚ್‌ವರೆಗೆ: ಅತಿಥಿ ಶಿಕ್ಷಕಿಯ ಅನುಭವದ ಪಾಠಗಳು

ಪಾಂಡವಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡುವ ಅತಿಥಿ ಶಿಕ್ಷಕಿ ನಾನು. ಎಂ.ಎ., ಬಿ.ಇಡಿ. ಆಗಿದೆ, ಟಿಇಟಿ ಪಾಸಾಗಿದೆ, ಕಾಯಂ ಹುದ್ದೆ ಇನ್ನೂ ಸಿಕ್ಕಿಲ್ಲ. ಇದರ ಜೊತೆಗೆ ಕಥೆ ಬರೆಯುತ್ತೇನೆ. ಪ್ರತಿ ವರ್ಷ ಹೊಸದಾಗಿ ಬಿ.ಇಡಿ. ಮುಗಿಸಿದ ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಹೆಂಗೆ ನಿಭಾಯಿಸ್ತೀರಿ?" ಎಂದು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಒಂದೆಡೆ ಬರೆದಿದ್ದೇನೆ.

1. ಕಾಗದಪತ್ರ ಮೇ ತಿಂಗಳಲ್ಲೇ ತಯಾರಿರಲಿ.

ಶಾಲೆ ಶುರುವಾಗುವ ಹೊತ್ತಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಆದೇಶ ಬರುತ್ತದೆ. ಆಮೇಲೆ ಅರ್ಜಿ ಕೊಡಲು ಸಿಗುವ ದಿನಗಳು ಕಡಿಮೆ. ಅಂಕಪಟ್ಟಿ, ಟಿಇಟಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಿಂದಿನ ಶಾಲೆಯ ಅನುಭವ ಪತ್ರ, ಇವೆಲ್ಲದರ ಜೆರಾಕ್ಸ್ ಎರಡು ಸೆಟ್ ಮನೆಯಲ್ಲಿರಬೇಕು. ಅನುಭವ ಪತ್ರವನ್ನು ಮುಖ್ಯ ಶಿಕ್ಷಕರಲ್ಲಿ ಫೆಬ್ರವರಿಯಲ್ಲೇ ಕೇಳಿಡಿ. ಮಾರ್ಚ್ ಬಂತೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.

ಕಾಯಂ ನೇಮಕಾತಿಯ ಕಾಗದಗಳದ್ದು ಬೇರೆಯೇ ಕಥೆ. ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಓದಿದ ಬಹುತೇಕ ಹುಡುಗಿಯರು ಎರಡಕ್ಕೂ ಅರ್ಹರು. ಆದರೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ ಅವರ ಮೇಲುಸಹಿ ಬೇಕು. ಪ್ರಾಥಮಿಕ ಶಾಲೆ ಒಂದೂರಲ್ಲಿ, ಹೈಸ್ಕೂಲು ಇನ್ನೊಂದೂರಲ್ಲಿ ಆಗಿದ್ದರೆ ಅಲೆದಾಟ ಇನ್ನಷ್ಟು. ಅಧಿಸೂಚನೆ ಬರಲಿ ಎಂದು ಕಾಯಬೇಡಿ.

ಮದುವೆಯಾದವರು ಜಾತಿ, ಆದಾಯ ಪ್ರಮಾಣಪತ್ರದ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳು ಕೊಡಬೇಕಾದ್ದು ತಂದೆಯ ಆದಾಯದ ಪತ್ರವೋ ಗಂಡನದೋ ಎಂಬ ಪ್ರಶ್ನೆ ಹೈಕೋರ್ಟ್ ಮೆಟ್ಟಿಲೇರಿತು. ಪರೀಕ್ಷೆ ಗೆದ್ದವರು 2023ರವರೆಗೂ ಆದೇಶಕ್ಕಾಗಿ ಕಾದರು. ಅಂಕ ಬಂದ ಮೇಲೂ ಒಂದು ಹಾಳೆಗಾಗಿ ಹೆಣ್ಣುಮಕ್ಕಳು ವಕೀಲರ ಹತ್ತಿರ ಓಡಾಡಬೇಕಾಯಿತು ಎಂಬುದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಅಧಿಸೂಚನೆಯಲ್ಲಿ ಯಾರ ಹೆಸರಿನ ಪತ್ರ ಕೇಳಿದ್ದಾರೆ ಎನ್ನುವ ಸಾಲನ್ನು ಎರಡೆರಡು ಸಲ ಓದಿ. ನಾಡಕಚೇರಿಯ ಆದಾಯ ಪತ್ರಕ್ಕೆ ಐದು ವರ್ಷದ ಅವಧಿ ಎಂಬುದೂ ನೆನಪಿರಲಿ.

2. ಹತ್ತು ತಿಂಗಳ ದುಡ್ಡನ್ನು ಹನ್ನೆರಡು ತಿಂಗಳಿಗೆ ಹಂಚಿ.

2025ರ ಬಜೆಟ್‌ನಲ್ಲಿ ಎರಡು ಸಾವಿರ ಏರಿದ ಮೇಲೆ ಪ್ರೌಢಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,500 ರೂಪಾಯಿ. ಏಪ್ರಿಲ್, ಮೇ ರಜೆಗೆ ಏನೂ ಇಲ್ಲ. ಉಳಿದ ತಿಂಗಳುಗಳದ್ದೂ ಒಂದನೇ ತಾರೀಖಿಗೆ ಬರುವುದಲ್ಲ. ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಹಾಗೆ ಬಂದ ದಿನ ಕೈಯಲ್ಲಿ ದುಡ್ಡು ಜಾಸ್ತಿ ಇದ್ದಂತೆ ಕಾಣುತ್ತದೆ. ಅದರಲ್ಲಿ ಹಳೆಯ ಅಂಗಡಿ ಸಾಲವೆಷ್ಟು, ಬೇಸಿಗೆಗೆ ಎಷ್ಟು ಎಂದು ಅವತ್ತೇ ಬೇರೆ ಮಾಡಿಬಿಡಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಚಾರ್ಜು ಉಳಿಯಿತು. ಇಷ್ಟು ಸಣ್ಣ ಆದಾಯದಲ್ಲಿ ಅದು ದೊಡ್ಡ ಉಳಿತಾಯ. ಅದಕ್ಕೂ ಮುಂಚೆ ದೂರದ ಶಾಲೆ ಸಿಕ್ಕರೆ ಬೇಡವೆನ್ನುತ್ತಿದ್ದ ಗೆಳತಿಯರು ಈಗ ಮೇಲುಕೋಟೆ ಕಡೆಗೂ ಹೋಗಿಬರುತ್ತಾರೆ. ಉಳಿದ ದುಡ್ಡಿನಲ್ಲಿ ನಾನು ಪುಸ್ತಕ ಕೊಳ್ಳುತ್ತೇನೆ.

3. ವರ್ಗಾವಣೆಯಾಗಿ ಬರುವವರಿಗಾಗಿ ಒಂದು ನೋಟ್‌ಬುಕ್ ಇಡಿ.

ವರ್ಷದ ನಡುವೆ ಕೌನ್ಸೆಲಿಂಗ್ ಮುಗಿದು ಕಾಯಂ ಶಿಕ್ಷಕರು ಬಂದರೆ ನಾವು ಹೊರಡಬೇಕು. ಮುಖ್ಯ ಶಿಕ್ಷಕರೂ ಮುಜುಗರದಿಂದಲೇ ಹೇಳುತ್ತಾರೆ. ಅವತ್ತು ಎದೆ ಭಾರವಾಗುತ್ತದೆ, ಅದಕ್ಕೆ ಮದ್ದಿಲ್ಲ. ಆದರೆ ತರಗತಿ ನಿಲ್ಲಬಾರದು. ಯಾವ ಪಾಠ ಎಲ್ಲಿಗೆ ಬಂದಿದೆ, ಯಾರಿಗೆ ಒತ್ತಕ್ಷರ ಬರುವುದಿಲ್ಲ, ಯಾರಿಗೆ ಬೋರ್ಡು ಕಾಣದೆ ಮುಂದೆ ಕೂರಿಸಬೇಕು, ಆಲೆಮನೆ ಕೆಲಸದ ದಿನಗಳಲ್ಲಿ ಯಾವ ಹುಡುಗ ಶಾಲೆ ತಪ್ಪಿಸುತ್ತಾನೆ, ಇವನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹೊರಡುವಾಗ ಅದನ್ನು ಬಂದವರ ಕೈಗೆ ಕೊಡುತ್ತೇನೆ. ಹತ್ತನೆಯ ತರಗತಿಯ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 25 ಆಂತರಿಕ ಮೌಲ್ಯಮಾಪನದ್ದು. ಆ ಲೆಕ್ಕ ಚೊಕ್ಕಟವಾಗಿರದಿದ್ದರೆ ಪೆಟ್ಟು ಬೀಳುವುದು ಮಕ್ಕಳಿಗೆ.

4. ಮಕ್ಕಳ ಮಾತನ್ನು ತಿದ್ದುವ ಮುಂಚೆ ಕೇಳಿಸಿಕೊಳ್ಳಿ.

ನನ್ನ ಎರಡೂ ಕಸುಬು ಕೂಡುವ ಜಾಗ ಇದು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಮ್ಮ ಸೀಮೆಯ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಹಾಲು ಆಲಾಗುತ್ತದೆ, ಹಬ್ಬ ಅಬ್ಬವಾಗುತ್ತದೆ. ಬರೆಯಲು ಕೂತ ಮಗು ತಪ್ಪಾದೀತು ಎಂಬ ಹೆದರಿಕೆಯಲ್ಲಿ ಬೇಡದ ಕಡೆಯೂ ಹಕಾರ ಸೇರಿಸುತ್ತದೆ. "ಹಕ್ಕಿಯ ಅನ್ನ ಮಾಡಿದರು" ಎಂದು ಬರೆಯುತ್ತದೆ. ಇದನ್ನು ಓದಿ ತರಗತಿಯ ಮುಂದೆ ನಕ್ಕರೆ ಆ ಮಗು ಮುಂದೆ ಬರೆಯುವುದೇ ಇಲ್ಲ. ಹಾಗೆ ಮಾತು ನುಂಗಿಕೊಂಡ ಮಕ್ಕಳು ಹತ್ತನೆಯ ತರಗತಿಗೂ ಬರುತ್ತಾರೆ. ಪ್ರಬಂಧದ ಜಾಗ ಖಾಲಿ ಬಿಡುತ್ತಾರೆ.

ನಾನು ಮಾಡುವುದು ಇಷ್ಟು. ಅಕ್ಕಿ ಹಕ್ಕಿ, ಆಡು ಹಾಡು, ಉಳಿ ಹುಳಿ, ಅಲ್ಲಿ ಹಲ್ಲಿ, ಹೀಗೆ ಜೋಡಿ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು ಹೇಳಿ ಎನ್ನುತ್ತೇನೆ. ಹಕಾರಕ್ಕೆ ಕೈಗೆ ಉಸಿರು ತಾಗುತ್ತದೆ. ಮಕ್ಕಳಿಗೆ ಇದು ಆಟ. ಕೆಲವು ವಾರಗಳಲ್ಲಿ ಬರವಣಿಗೆ ತಾನಾಗಿ ಸರಿಹೋಗುತ್ತದೆ. "ನಮ್ಮವ್ವ ಕಬ್ಬು ಕಡಿಯಕ್ಕೆ ವೋಗವ್ಳೆ ಮಿಸ್" ಎಂದು ಮಗು ಹೇಳಿದಾಗ ಮಾತ್ರ ಆ ಮಾತನ್ನು ತಿದ್ದುವುದಿಲ್ಲ. ಉತ್ತರಪತ್ರಿಕೆಗೆ ಒಂದು ಕನ್ನಡ, ಮನೆಗೆ ಒಂದು ಕನ್ನಡ, ಎರಡೂ ನಿನ್ನವೇ ಎಂದು ಹೇಳುತ್ತೇನೆ.

ಬರಹಗಾರ್ತಿಯಾಗಿ ನನಗೆ ಈ ತರಗತಿಗಳು ಕೊಟ್ಟದ್ದನ್ನು ಎಂ.ಎ. ಕೊಟ್ಟಿರಲಿಲ್ಲ. ಮದ್ದೂರು ಕಡೆಯ ಬೆಸಗರಹಳ್ಳಿ ರಾಮಣ್ಣ ಸರ್ಕಾರಿ ವೈದ್ಯರಾಗಿದ್ದುಕೊಂಡು ಮಂಡ್ಯದ ಮಾತಿನಲ್ಲೇ ಕಥೆ ಬರೆದರು. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಸೀಮೆಯ ಆಡುನುಡಿಯಲ್ಲಿದ್ದೂ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆದ್ದರಿಂದ ನಮ್ಮ ಮಾತು ಕಥೆಗೆ ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನ ಯಾರಿಗೂ ಬೇಡ. ಸಂಭಾಷಣೆಯನ್ನು ಬರೆದ ಮೇಲೆ ಗಟ್ಟಿಯಾಗಿ ಓದಿ. ಚಿನಕುರಳಿಯ ಟೀ ಅಂಗಡಿಯಲ್ಲಿ ಕೂತ ಹಿರಿಯರು ಹಾಗೆ ಹೇಳುತ್ತಾರೆಯೇ ಎಂದು ಕೇಳಿಕೊಳ್ಳಿ. ಬರಿಯ ಹಕಾರ ಕಿತ್ತುಹಾಕಿದ ಮಾತ್ರಕ್ಕೆ ಅದು ಮಂಡ್ಯದ ಕನ್ನಡ ಆಗುವುದಿಲ್ಲ. ಮಾತು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಗ್ಗುತ್ತದೆ ಎಂಬುದರಲ್ಲಿ ಅದರ ಜೀವ ಇದೆ.

5. ಮಕ್ಕಳ ಮನೆಯ ಕಷ್ಟವನ್ನು ಕಥೆಗೆ ಎತ್ತಿಕೊಳ್ಳಬೇಡಿ.

ಮಾತನ್ನು ತೆಗೆದುಕೊಳ್ಳಿ, ಬದುಕನ್ನು ಬೇಡ. ನಮ್ಮದು ಚಿಕ್ಕ ತಾಲ್ಲೂಕು. ಹೆಸರು ಬದಲಿಸಿದರೂ ಗದ್ದೆಯ ಗುರುತು, ನಾಲೆಯ ತಿರುವು ಹಿಡಿದು ಇದು ಯಾರ ಮನೆ ಎಂದು ಹೇಳುವವರಿದ್ದಾರೆ. ಅಪ್ಪನ ಸಾಲದ ವಿಷಯವನ್ನು ನನ್ನನ್ನು ನಂಬಿ ಹೇಳಿದ ಹುಡುಗಿ ಅದನ್ನು ಪತ್ರಿಕೆಯಲ್ಲಿ ಓದಬಾರದು.

6. ಹಿರಿಯರ ಹೆಸರು ಹೇಳಿ ಸಮಾಧಾನ ಮಾಡುವವರಿಗೆ ಉತ್ತರ ಇಟ್ಟುಕೊಂಡಿರಿ.

ನಮ್ಮ ಸುತ್ತಿನ ಮಣ್ಣು ಬರಹಗಾರರದ್ದು. ಪು.ತಿ. ನರಸಿಂಹಾಚಾರ್ 1905ರಲ್ಲಿ ನಮ್ಮದೇ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದವರು. ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಕೆ.ಆರ್. ಪೇಟೆಯ ಕಿಕ್ಕೇರಿಯಲ್ಲಿ, ಎ.ಎನ್. ಮೂರ್ತಿರಾವ್ 1900ರಲ್ಲಿ ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದರು. ನಾಗತಿಹಳ್ಳಿ ಚಂದ್ರಶೇಖರ್ ನಾಗಮಂಗಲದವರು. "ನೋಡವ್ವ, ಅವರೆಲ್ಲ ಕಷ್ಟದಲ್ಲೇ ಬರೆದರು" ಎಂದು ನನಗೆ ಹೇಳುವವರು ಬಹಳ. ಗೌರವದಿಂದಲೇ ನಾನು ಹೇಳುವುದು: ಪು.ತಿ.ನ. ಸರ್ಕಾರಿ ನೌಕರಿಯಲ್ಲಿದ್ದರು. ಕೆ.ಎಸ್.ನ. ಗುಮಾಸ್ತರಾಗಿ ಸೇರಿ 1970ರಲ್ಲಿ ಗೃಹಮಂಡಳಿಯಿಂದ ನಿವೃತ್ತರಾದರು. 1942ರಲ್ಲಿ 'ಮೈಸೂರು ಮಲ್ಲಿಗೆ' ಬಂದಾಗ ಅವರಿಗೆ ಇನ್ನೂ ಇಪ್ಪತ್ತೇಳು. ಮೂರ್ತಿರಾಯರು ಪ್ರಾಧ್ಯಾಪಕರಾಗಿದ್ದರು. ಸಂಬಳ ಚಿಕ್ಕದಿತ್ತು, ಸಂಸಾರ ದೊಡ್ಡದಿತ್ತು, ನಿಜ. ಆದರೆ ಮುಂದಿನ ಜೂನ್‌ನಲ್ಲಿ ಕೆಲಸ ಇರುತ್ತದೆಯೇ ಎಂದು ಅವರು ಪ್ರತಿ ಬೇಸಿಗೆಯಲ್ಲೂ ಕೇಳಿಕೊಳ್ಳಬೇಕಿರಲಿಲ್ಲ. ಬರವಣಿಗೆಗೆ ಬಡತನ ಒಳ್ಳೆಯದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಬರೆದದ್ದರಲ್ಲಿ ಪ್ರತಿಭೆಯಷ್ಟೇ ತಿಂಗಳ ಸಂಬಳದ ಪಾಲೂ ಇದೆ ಎಂದು ನಂಬಿದ್ದೇನೆ.

ಹಾಗಂತ ಕೆಲಸ ಗಟ್ಟಿಯಾದ ಮೇಲೆ ಬರೆಯೋಣ ಎಂದು ಮುಂದೂಡಬೇಡಿ. ಬೆಳಿಗ್ಗೆ ಮನೆಯವರು ಏಳುವ ಮುಂಚಿನ ಒಂದು ಗಂಟೆಯನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯುವಾಗ ತಿದ್ದುತ್ತೇನೆ, ಹೊಸತು ಬರೆಯುವುದಿಲ್ಲ.

7. ಕಳಿಸಿದ್ದರ ಲೆಕ್ಕ ಬರೆದಿಡಿ.

ಯಾವ ಕಥೆ, ಯಾವ ಪತ್ರಿಕೆಗೆ, ಯಾವತ್ತು ಹೋಯಿತು ಎಂಬ ಪಟ್ಟಿ ಇರಲಿ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿದಾಗ ಅಲ್ಲಲ್ಲಿ ಅರ್ಕಾವೊತ್ತು, ಒತ್ತಕ್ಷರ ಕೆಡುತ್ತವೆ. ಆಮೇಲೆ ಪೂರ್ತಿ ಮತ್ತೊಮ್ಮೆ ಓದಿಯೇ ಕಳಿಸಿ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ಬಹಳ ಮುಂಚೆಯೇ ಬರುತ್ತದೆ. ಆಗ ಬರೆಯಲು ಕೂರುವುದಕ್ಕಿಂತ ಬೇಸಿಗೆಯಲ್ಲೇ ಬರೆದು, ಶಾಲೆ ಶುರುವಾದ ಮೇಲೆ ತಿದ್ದುವುದು ನನಗೆ ಸರಿಹೋಗಿದೆ. ಸುಧಾ, ಮಯೂರ, ತರಂಗ, ತುಷಾರ ಇವುಗಳಲ್ಲಿ ಬರುವ ಕಥೆಗಳ ಉದ್ದವನ್ನು ನೋಡಿಕೊಂಡು ಕಳಿಸಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೂ ವಯೋಮಿತಿ ಉಂಟು, ನೌಕರಿಯ ವಯೋಮಿತಿಯ ಚಿಂತೆಯಲ್ಲಿ ಇದನ್ನು ಮರೆಯಬೇಡಿ.

8. ಬಿನ್ನವತ್ತಳೆ ಬರೆದರೆ ದುಡ್ಡು ಕೇಳಿ.

ಊರಿನಲ್ಲಿ ಕನ್ನಡ ಚೆನ್ನಾಗಿ ಬರೆಯುವವಳು ಎಂದು ಗೊತ್ತಾದರೆ ನಿವೃತ್ತಿಯ ಬಿನ್ನವತ್ತಳೆ, ಹಬ್ಬದ ಕರಪತ್ರ, ದೇವಸ್ಥಾನದ ಜೀರ್ಣೋದ್ಧಾರದ ಮನವಿ, ಸ್ಮರಣ ಸಂಚಿಕೆಯ ಕರಡು ತಿದ್ದುವುದು ಎಲ್ಲವೂ ಮನೆ ಬಾಗಿಲಿಗೆ ಬರುತ್ತವೆ. "ನಾಕು ಸಾಲು ಬರಕೊಡವ್ವ" ಎನ್ನುತ್ತಾರೆ. ಆ ನಾಲ್ಕು ಸಾಲಿಗೆ ಒಂದು ಸಂಜೆ ಹೋಗುತ್ತದೆ. ಶಾಮಿಯಾನದವರಿಗೆ, ಮೈಕ್‌ನವರಿಗೆ ಕೊಡುವ ಊರು ಬರೆದವಳಿಗೂ ಕೊಡಲಿ. ಮೊದಲು ಕೇಳಲು ನಾಲಗೆ ತಡವರಿಸುತ್ತದೆ. ಪುಟಕ್ಕೆ ಇಷ್ಟು ಎಂದು ಒಮ್ಮೆ ಹೇಳಿಬಿಟ್ಟರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಬಡವರ ಮನೆಯ ಅರ್ಜಿ, ವಿಧವಾ ವೇತನದ ಕಾಗದ ಇವಕ್ಕೆ ನಾನು ತೆಗೆದುಕೊಳ್ಳುವುದಿಲ್ಲ.

9. ಓದು ಗುಂಪಿನಲ್ಲಿ ಸಾಗಲಿ.

ಟಿಇಟಿಗೆ 150 ಅಂಕ, ಸಾಮಾನ್ಯ ವರ್ಗದವರಿಗೆ ಶೇ 60 ಬೇಕು. ಈಗ ಒಮ್ಮೆ ಪಾಸಾದರೆ ಜೀವಮಾನಕ್ಕೂ ಸಾಕು. ಭಾನುವಾರ ನಾವು ಕೆಲವರು ಕೂಡಿ ಓದುತ್ತೇವೆ, ಕನ್ನಡದವಳು ಮನೋವಿಜ್ಞಾನ ಕೇಳಿಸಿಕೊಳ್ಳುತ್ತಾಳೆ, ಗಣಿತದವಳು ವ್ಯಾಕರಣ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿದಾಗ ಗುಂಪು ಚದುರುವಂತಾಗಿತ್ತು. ಒಳಮೀಸಲಾತಿ ನ್ಯಾಯದ ಬೇಡಿಕೆ, ಅದಕ್ಕೆ ಕಾಯುವುದರಲ್ಲಿ ನನಗೆ ತಕರಾರಿಲ್ಲ. ಓದು ನಿಂತರೆ ಮತ್ತೆ ಹಿಡಿಯುವುದು ಕಷ್ಟ, ಅದಕ್ಕೇ ಭಾನುವಾರ ತಪ್ಪಿಸಲಿಲ್ಲ.

10. ಮನವಿಪತ್ರ ನೀವೇ ಬರೆಯಿರಿ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಗೊ.ರು. ಚನ್ನಬಸಪ್ಪ ಅಧ್ಯಕ್ಷರು. ಇದೇ ಮಂಡ್ಯದಲ್ಲಿ 1974ರಲ್ಲಿ ಜಯದೇವಿತಾಯಿ ಲಿಗಾಡೆ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಕೂತಿದ್ದರು. ಸಮ್ಮೇಳನಗಳಲ್ಲಿ ಕನ್ನಡ ಶಾಲೆ ಉಳಿಯಬೇಕೆಂಬ ಮಾತು ಪ್ರತಿ ಸಲವೂ ಬರುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಆ ಶಾಲೆಗಳ ಬೋರ್ಡಿನ ಮುಂದೆ ನಿಂತಿರುವವರು ಅತಿಥಿ ಶಿಕ್ಷಕರು. ಅವರ ಬದುಕಿನ ಮಾತನ್ನು ಅವರೇ ಎತ್ತಬೇಕು.

ನಮ್ಮವರು ಸೇರಿ ಮನವಿ ಕೊಡುವಾಗ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ, ಸಂತೋಷದಿಂದ ಬರೆಯುತ್ತೇನೆ. ಎಲ್ಲರೂ ಸೇರಿ ಐದಾರು ಪುಟದ ಗೋಳು ಹೇಳಿಕೊಳ್ಳುತ್ತಾರೆ. ನಾನು ಅದನ್ನು ಒಂದು ಪುಟಕ್ಕೆ ಇಳಿಸುತ್ತೇನೆ. ಗೌರವಧನ ಪ್ರತಿ ತಿಂಗಳೂ ಬ್ಯಾಂಕ್ ಖಾತೆಗೆ ಬರಲಿ. ಏಪ್ರಿಲ್, ಮೇ ತಿಂಗಳಿಗೂ ಕೊಡಲಿ. ಹೆರಿಗೆ ರಜೆ ಸಿಗಲಿ. ಕಾಯಂ ನೇಮಕಾತಿಯಲ್ಲಿ ಸೇವೆಯ ವರ್ಷಗಳಿಗೆ ಅಂಕ ಸಿಗಲಿ. ವರ್ಷದ ನಡುವೆ ಕಾಯಂ ಶಿಕ್ಷಕರು ಬಂದಾಗ ಬಿಡುಗಡೆಯಾದವರಿಗೆ ತಾಲ್ಲೂಕಿನ ಬೇರೆ ಖಾಲಿ ಜಾಗದಲ್ಲಿ ಮೊದಲ ಅವಕಾಶ ಸಿಗಲಿ. ಕೆಳಗೆ ಸಹಿಗಳು, ಪ್ರತಿ ಸಹಿಯ ಮುಂದೆ ಶಾಲೆ ಮತ್ತು ವಿಷಯ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ವಾಪಸ್ ತನ್ನಿ.