ಸಂಶೋಧನಾ ದತ್ತಾಂಶ ಮತ್ತು ಫೇರ್ ತತ್ವಗಳು

ದತ್ತಾಂಶವನ್ನು ಕೂಡಿಡುವುದಷ್ಟೇ ಸಾಲದು, ಇನ್ನೊಬ್ಬರು ಬಳಸುವಂತೆ ಜೋಡಿಸಿಡಬೇಕು. ಇದಕ್ಕೆ ಪ್ರೋಟೀನ್ ಡೇಟಾ ಬ್ಯಾಂಕ್‌ಗಿಂತ ಬಲವಾದ ಸಾಕ್ಷಿ ಸಿಗುವುದು ಕಷ್ಟ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಕೇವಲ 7 ರಚನೆಗಳೊಂದಿಗೆ ಶುರುವಾದ ಈ ಭಂಡಾರದಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಗುರುತು ಉಂಟು. ಮಯೋಗ್ಲೋಬಿನ್‌ನ ಒಂದು ರಚನೆಗೆ '1ಎಂಬಿಎನ್'. ಕಡತಗಳ ನಮೂನೆಯೂ ಏಕರೂಪ. ಹೀಗಿದ್ದುದರಿಂದಲೇ ಪ್ರೋಟೀನ್ ರಚನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆ ವ್ಯವಸ್ಥೆಯಾದ ಆಲ್ಫಾಫೋಲ್ಡ್‌ಗೆ ಇವುಗಳಿಂದ ತರಬೇತಿ ನೀಡಲು ಸಾಧ್ಯವಾಯಿತು. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದರು. 2016ರಲ್ಲಿ 'ಸೈಂಟಿಫಿಕ್ ಡೇಟಾ' ಪತ್ರಿಕೆಯಲ್ಲಿ ಪ್ರಕಟವಾದ ಫೇರ್ ತತ್ವಗಳು ಹೇಳುವುದೂ ಇದನ್ನೇ: ದತ್ತಾಂಶ ಹುಡುಕಿದರೆ ಸಿಗಬೇಕು, ಪಡೆಯುವ ದಾರಿ ಸ್ಪಷ್ಟವಿರಬೇಕು, ಬೇರೆ ದತ್ತಾಂಶದೊಡನೆ ಹೊಂದಬೇಕು, ಮರುಬಳಕೆಗೆ ಒದಗಬೇಕು.

ಹಂಚಿಕೊಂಡರೆ ಶ್ರಮದ ಫಲ ಬೇರೆಯವರ ಪಾಲಾದೀತು, ರೋಗಿಗಳ ಗೋಪ್ಯತೆ ಬಯಲಾದೀತು ಎಂಬ ಆಕ್ಷೇಪಗಳಿವೆ. ಆತಂಕ ನಿಜವೇ. ಆದರೆ ಪ್ರಬಂಧ ಪ್ರಕಟವಾಗುವವರೆಗೆ ರಚನೆಯನ್ನು ತಡೆಹಿಡಿಯಲು ಈ ಬ್ಯಾಂಕ್‌ನಲ್ಲೇ ಅವಕಾಶವಿದೆ. ಫೇರ್ ಎಂದರೆ ಎಲ್ಲರಿಗೂ ಮುಕ್ತ ಎಂದಲ್ಲ. ಗೋಪ್ಯ ಮಾಹಿತಿಗೆ ಅನುಮತಿಯ ಷರತ್ತು ಹಾಕಬಹುದು. ಪರೀಕ್ಷಾರ್ಥಿಗಳು ಈ ವ್ಯತ್ಯಾಸವನ್ನು ಮರೆಯಬಾರದು.